ಕೋಚ್ ಒಳ್ಳೆಯವರೇ, ಆದರೂ ಇಷ್ಟೆಲ್ಲ ನಿಯಮ ಏಕೆ? ಕ್ರಿಕೆಟ್ ಕ್ಲಬ್ಬುಗಳಲ್ಲಿ ಮಕ್ಕಳ ಸುರಕ್ಷತೆಯ ಪ್ರಶ್ನೆ

2025ರ ಫೆಬ್ರುವರಿಯಲ್ಲಿ ಬ್ರಿಟನ್ ಸರ್ಕಾರ ಅಪರಾಧ ಮತ್ತು ಪೊಲೀಸ್ ವ್ಯವಸ್ಥೆಯ ಬಗ್ಗೆ ಒಂದು ದೊಡ್ಡ ಮಸೂದೆಯನ್ನು ಸಂಸತ್ತಿನ ಮುಂದಿಟ್ಟಿತು. ಅದರಲ್ಲಿ ಒಂದು ಭಾಗ ಮಕ್ಕಳಿಗೆ ಸಂಬಂಧಿಸಿದ್ದು. ಇಂಗ್ಲೆಂಡ್‌ನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ, ಅದನ್ನು ಪೊಲೀಸರಿಗೋ ಸ್ಥಳೀಯ ಆಡಳಿತಕ್ಕೋ ಹೇಳಲೇಬೇಕು ಎಂದು ಅದು ಹೇಳುತ್ತದೆ. ಸಂಬಳಕ್ಕೆ ದುಡಿಯುವವರಷ್ಟೇ ಅಲ್ಲ, ಶನಿವಾರ ಬೆಳಗ್ಗೆ ಬಂದು ಮಕ್ಕಳಿಗೆ ಬೌಲಿಂಗ್ ಹೇಳಿಕೊಡುವ ಸ್ವಯಂಸೇವಕರೂ ಇದರ ವ್ಯಾಪ್ತಿಗೆ ಬರಬಹುದು.

ಸುದ್ದಿ ಓದಿದ ಅನೇಕರಿಗೆ ಗೊಂದಲವಾಯಿತು. ಇಷ್ಟು ವರ್ಷ ಹೇಳಲೇಬೇಕು ಅಂತ ಇರಲಿಲ್ವಾ? ಇಂಗ್ಲೆಂಡ್‌ನ ಕ್ಲಬ್ಬಿಗೆ ಮಗುವನ್ನು ಸೇರಿಸಿದ ಮೊದಲ ವಾರವೇ ಫಾರಂಗಳ ಕಟ್ಟು ಬರುತ್ತದೆ. ಫೋಟೊ ತೆಗೆಯಬಹುದಾ, ಅಸ್ತಮಾ ಇದೆಯಾ, ಮನೆಗೆ ಕರೆದೊಯ್ಯುವವರು ಯಾರು ಎಂದೆಲ್ಲ ಅದರಲ್ಲಿ ಕೇಳಿರುತ್ತಾರೆ. ಕ್ಲಬ್ಬಿನ ಗೋಡೆಯ ಮೇಲೆ ಸುರಕ್ಷತಾ ಅಧಿಕಾರಿಯ ಫೋಟೊ, ಫೋನ್ ನಂಬರ್ ಇರುತ್ತದೆ. ಇಷ್ಟೆಲ್ಲ ಇದ್ದ ದೇಶದಲ್ಲಿ ಇಷ್ಟು ಮೂಲಭೂತ ಕಾನೂನು ಇರಲಿಲ್ಲ ಎಂದರೆ ನಂಬುವುದು ಕಷ್ಟ. ಇತ್ತ ಭಾರತದಲ್ಲಿ ಆ ಕಾನೂನು 2012ರಿಂದಲೇ ಇದೆ. ಆದರೆ ಬಡಾವಣೆಯ ಕ್ರಿಕೆಟ್ ಕ್ಯಾಂಪಿಗೆ ಹೋದರೆ ಅಂಥ ಫಾರಂ ಆಗಲಿ, ಗೋಡೆಯ ಮೇಲಿನ ಫೋಟೊ ಆಗಲಿ ಕಾಣುವುದು ಅಪರೂಪ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ನೋಡಿದರೆ ಎರಡೂ ಕಡೆಯ ಕೊರತೆ ಅರ್ಥವಾಗುತ್ತದೆ.

ನಿಯಮ ಹುಟ್ಟಿದ್ದು ಹೇಗೆ

ಬ್ರಿಟನ್ನಿನ ಕ್ರೀಡಾಲೋಕ ತಾನಾಗಿಯೇ ಎಚ್ಚೆತ್ತುಕೊಂಡಿದ್ದಲ್ಲ. 1995ರಲ್ಲಿ ಪಾಲ್ ಹಿಕ್ಸನ್ ಎಂಬ ಒಲಿಂಪಿಕ್ ಮಟ್ಟದ ಈಜು ಕೋಚ್‌ಗೆ, ತಾನು ತರಬೇತಿ ಕೊಡುತ್ತಿದ್ದ ಹುಡುಗಿಯರ ಮೇಲಿನ ಅತ್ಯಾಚಾರ ಮತ್ತು ದೌರ್ಜನ್ಯಕ್ಕಾಗಿ 17 ವರ್ಷ ಜೈಲು ಶಿಕ್ಷೆಯಾಯಿತು. ಕೋಚ್ ಎಂದರೆ ಗುರು ಎಂದು ನಂಬಿದ್ದ ಸಮಾಜಕ್ಕೆ ಅದು ದೊಡ್ಡ ಪೆಟ್ಟು. 2001ರಲ್ಲಿ ಕ್ರೀಡೆಯಲ್ಲಿ ಮಕ್ಕಳ ರಕ್ಷಣೆಗೆಂದೇ ಒಂದು ಪ್ರತ್ಯೇಕ ಘಟಕ ಶುರುವಾಯಿತು. 2002ರಲ್ಲಿ ಸೋಹಮ್ ಎಂಬ ಊರಲ್ಲಿ ಇಬ್ಬರು ಹತ್ತು ವರ್ಷದ ಹುಡುಗಿಯರ ಕೊಲೆಯಾಯಿತು. ಕೊಲೆಗಾರ ಅಲ್ಲಿನ ಶಾಲೆಯೊಂದರ ನೌಕರ. ಅವನ ಮೇಲೆ ಹಿಂದೆ ಬಂದಿದ್ದ ದೂರುಗಳ ಮಾಹಿತಿ ಅವನನ್ನು ಕೆಲಸಕ್ಕೆ ತೆಗೆದುಕೊಂಡವರಿಗೆ ತಲುಪಿರಲಿಲ್ಲ. ಆ ಲೋಪದ ಬಗ್ಗೆ ನಡೆದ ತನಿಖೆಯ ಫಲವಾಗಿ 2006ರಲ್ಲಿ ಹೊಸ ಕಾನೂನು ಬಂತು. ಇಂದು ಎಲ್ಲರೂ ಡಿಬಿಎಸ್ ಎನ್ನುವ ಹಿನ್ನೆಲೆ ಪರಿಶೀಲನೆ ಈಗಿನ ರೂಪಕ್ಕೆ ಬಂದದ್ದು 2012ರ ಕೊನೆಯಲ್ಲಿ.

ಇಷ್ಟಾದರೂ 2016ರ ನವೆಂಬರ್‌ನಲ್ಲಿ ಆಂಡಿ ವುಡ್‌ವರ್ಡ್ ಎಂಬ ಮಾಜಿ ಫುಟ್‌ಬಾಲ್ ಆಟಗಾರ ಬಾಯಿಬಿಟ್ಟರು. ಬಾಲ್ಯದಲ್ಲಿ ತನ್ನ ಕೋಚ್ ಬ್ಯಾರಿ ಬೆನೆಲ್ ಮಾಡಿದ್ದನ್ನು ಹೆಸರು ಸಮೇತ ಹೇಳಿದರು. ಆಮೇಲೆ ಒಬ್ಬರ ಹಿಂದೊಬ್ಬರು ಮುಂದೆ ಬಂದರು. 2021ರಲ್ಲಿ ಹೊರಬಂದ ಶೆಲ್ಡನ್ ವರದಿಯ ಪ್ರಕಾರ, 1995ರಿಂದ 2000ದ ನಡುವೆ ಫುಟ್‌ಬಾಲ್ ಸಂಸ್ಥೆ ಮಕ್ಕಳನ್ನು ಕಾಪಾಡಲು ಮಾಡಬೇಕಿದ್ದಷ್ಟನ್ನು ಮಾಡಲಿಲ್ಲ. 2022ರಲ್ಲಿ ಜಿಮ್ನಾಸ್ಟಿಕ್ಸ್ ಬಗ್ಗೆ ಬಂದ ವೈಟ್ ವರದಿಯಲ್ಲಿ ಲೈಂಗಿಕ ದೌರ್ಜನ್ಯದ ಜೊತೆಗೆ ಬೈಗುಳ, ಅವಮಾನ, ಊಟದ ನಿಯಂತ್ರಣ, ಗಾಯವಿದ್ದರೂ ಆಡಿಸುವುದು ಎಲ್ಲವೂ ಇದ್ದವು.

ಕ್ರಿಕೆಟ್ ಇದರಿಂದ ಹೊರಗೆ ಉಳಿಯುವಂತಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ ಅಂದರೆ ಇಸಿಬಿ, ‘ಸೇಫ್ ಹ್ಯಾಂಡ್ಸ್’ ಎಂಬ ನೀತಿಯನ್ನು ತನಗೆ ಸೇರಿದ ಕ್ಲಬ್ಬುಗಳಿಗೆಲ್ಲ ಕಡ್ಡಾಯ ಮಾಡಿತು. ಮಕ್ಕಳ ವಿಭಾಗ ಇರುವ ಕ್ಲಬ್ಬಿಗೆ ಒಬ್ಬ ಸುರಕ್ಷತಾ ಅಧಿಕಾರಿ ಬೇಕು. ಅವರಿಗೆ ತರಬೇತಿ ಆಗಿರಬೇಕು, ಅವರ ಹಿನ್ನೆಲೆ ಪರಿಶೀಲನೆ ಆಗಿರಬೇಕು. ಅವರ ಮೇಲೆ ಕೌಂಟಿ ಮಟ್ಟದ ಅಧಿಕಾರಿ, ಅದರ ಮೇಲೆ ಮಂಡಳಿಯ ತಂಡ.

ಕ್ರಿಕೆಟ್‌ನಲ್ಲಿ ಏನು ಬೇರೆ?

ಇಂಗ್ಲೆಂಡ್‌ನ ಹಳ್ಳಿ ಕ್ರಿಕೆಟ್‌ನಲ್ಲಿ ಎಲ್ಲ ವಯಸ್ಸಿನವರೂ ಕಲೆಯುತ್ತಾರೆ. ಶನಿವಾರದ ಮೂರನೇ ತಂಡದಲ್ಲಿ 13 ವರ್ಷದ ಹುಡುಗನೊಬ್ಬ 45 ವರ್ಷದ ನಾಯಕನ ಕೈಕೆಳಗೆ ಆಡುವುದು ಅಲ್ಲಿ ಮಾಮೂಲು. ಅದು ಆ ಆಟದ ಚೆಲುವೂ ಹೌದು. ಹುಡುಗ ದೊಡ್ಡವರಿಂದ ಕಲಿಯುತ್ತಾನೆ, ಜನ ಕಡಿಮೆ ಇರುವ ಕ್ಲಬ್ಬಿಗೆ ಹನ್ನೊಂದನೇ ಆಟಗಾರ ಸಿಗುತ್ತಾನೆ.

ಆದರೆ ಇದರ ಪರಿಣಾಮಗಳನ್ನು ನೋಡಿ. ಪಂದ್ಯ ಮಧ್ಯಾಹ್ನವಿಡೀ ನಡೆಯುತ್ತದೆ. ಎದುರಾಳಿಯ ಮೈದಾನ ದೂರದ ಹಳ್ಳಿಯಲ್ಲಿರುತ್ತದೆ, ಬಸ್ ಇರುವುದಿಲ್ಲ, ಹಾಗಾಗಿ ಯಾರದೋ ಕಾರು ಹತ್ತಬೇಕು. ಪೆವಿಲಿಯನ್ನಿನಲ್ಲಿ ಬಟ್ಟೆ ಬದಲಿಸುವ ಕೋಣೆ ತಂಡಕ್ಕೆ ಒಂದೇ. ಪಂದ್ಯ ಮುಗಿದ ಮೇಲೆ ಕ್ಲಬ್ಬಿನ ಬಾರ್ ತೆರೆಯುತ್ತದೆ. ಆಯ್ಕೆ, ಅಭ್ಯಾಸದ ಸಂದೇಶಗಳೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬರುತ್ತವೆ. ಮಳೆ ಬಂದರೆ ಗಂಟೆಗಟ್ಟಲೆ ಎಲ್ಲರೂ ಒಳಗೆ. ಫುಟ್‌ಬಾಲ್‌ನಲ್ಲಿ ಹನ್ನೆರಡರ ಹುಡುಗರು ಹನ್ನೆರಡರವರ ಜೊತೆ ಸುಮಾರು ಒಂದು ಗಂಟೆ ಆಡಿ ಅಪ್ಪ ಅಮ್ಮನ ಜೊತೆ ಮನೆಗೆ ಹೋಗುತ್ತಾರೆ. ಇಲ್ಲಿ ಹಾಗಲ್ಲ.

ಸೇಫ್ ಹ್ಯಾಂಡ್ಸ್ ನೀತಿಯ ಹೆಚ್ಚಿನ ನಿಯಮಗಳು ಈ ಸಂದರ್ಭಗಳಿಗೇ ಬರೆದಂಥವು. ದೊಡ್ಡವರು, ಮಕ್ಕಳು ಒಂದೇ ಹೊತ್ತಿಗೆ ಬಟ್ಟೆ ಬದಲಿಸಬಾರದು, ಸ್ನಾನ ಮಾಡಬಾರದು. ಕೋಚ್ ಒಂದು ಮಗುವನ್ನು ಒಂಟಿಯಾಗಿ ಕಾರಿನಲ್ಲಿ ಕರೆದೊಯ್ಯಬಾರದು. ಮಗುವಿಗೆ ಖಾಸಗಿ ಸಂದೇಶ ಕಳಿಸಬಾರದು, ಕಳಿಸಿದರೆ ತಂದೆತಾಯಿಯೂ ಅದರಲ್ಲಿರಬೇಕು. ಒಂಬತ್ತು ವರ್ಷ ತುಂಬಿದ ಮಕ್ಕಳಾದರೆ, ಹತ್ತು ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ದೊಡ್ಡವರು ಬೇಕು. ಅದಕ್ಕಿಂತ ಚಿಕ್ಕವರಾದರೆ ಎಂಟಕ್ಕೆ ಒಬ್ಬರು.

ಆಟದ ಅಪಾಯಕ್ಕೂ ಇದೇ ಗಮನ ಇದೆ. 13 ವರ್ಷದೊಳಗಿನ ವಿಭಾಗದ ಮಗು ಬ್ಯಾಟ್ಸ್‌ಮನ್ ಚೆಂಡು ಆಡುವ ತನಕ ಮಧ್ಯದ ಸ್ಟಂಪ್‌ನಿಂದ 11 ಗಜದೊಳಗೆ ಫೀಲ್ಡಿಂಗ್ ನಿಲ್ಲುವಂತಿಲ್ಲ. 15ರೊಳಗಿನವರಿಗೆ ಈ ದೂರ 8 ಗಜ. ವಿಕೆಟ್ ಹಿಂದಿನ ಆಫ್ ಸೈಡಿಗೆ ಮಾತ್ರ ವಿನಾಯಿತಿ. ಹೆಲ್ಮೆಟ್ ಹಾಕಿದ್ದರೂ, ಆಡುತ್ತಿರುವುದು ದೊಡ್ಡವರ ಪಂದ್ಯವಾದರೂ ಇದು ಅನ್ವಯ. ವೇಗದ ಬೌಲಿಂಗ್ ಮಾಡುವ ಮಕ್ಕಳಿಗೆ ದಿನಕ್ಕೆ ಇಷ್ಟೇ ಓವರ್ ಎಂಬ ಮಿತಿ ಇದೆ, ಏಕೆಂದರೆ ಬೆಳೆಯುವ ಬೆನ್ನುಮೂಳೆಗೆ ಆ ಒತ್ತಡ ತಡೆಯುವುದಿಲ್ಲ. ಪಂದ್ಯ ಗೆಲ್ಲುವ ಆಸೆಯಲ್ಲಿ ನಾಯಕ ಇನ್ನೊಂದು ಓವರ್ ಹಾಕಿಸಿದರೆ ಅದೂ ಸುರಕ್ಷತೆಯ ಉಲ್ಲಂಘನೆಯೇ.

ಈ ನಿಯಮಗಳೆಲ್ಲ ಕೋಚ್‌ಗಳನ್ನು ಅನುಮಾನಿಸುತ್ತವೆ ಎಂಬ ಅಸಮಾಧಾನ ಅಲ್ಲಿಯೂ ಇದೆ. ಸ್ವಯಂಸೇವಕರೇ ಸಿಗುತ್ತಿಲ್ಲ, ಇದರ ಜೊತೆ ಕಾಗದಪತ್ರ ಬೇರೆ ಎಂದು ಕ್ಲಬ್ಬಿನವರು ಹೇಳುತ್ತಾರೆ. ಹುಡುಗನ ಹಿಡಿತ ತಿದ್ದಲು ಕೈ ಮುಟ್ಟಬಹುದಾ ಎಂದು ಕೋಚ್‌ಗಳು ಹೆದರುತ್ತಾರೆ. ಈ ಹೆದರಿಕೆ ಬಂದದ್ದು ನಿಯಮವನ್ನು ಅರ್ಧ ಕೇಳಿದ್ದರಿಂದ. ಮುಟ್ಟಬಾರದು ಎಂದು ಎಲ್ಲಿಯೂ ಇಲ್ಲ. ಏಕೆ ಮುಟ್ಟುತ್ತೇನೆ ಎಂದು ಹೇಳಿ, ಸರಿನಾ ಎಂದು ಕೇಳಿ, ಎಲ್ಲರಿಗೂ ಕಾಣುವ ಜಾಗದಲ್ಲಿ ತಿದ್ದಿಕೊಡಿ ಎಂದಷ್ಟೇ ಅದು ಹೇಳುತ್ತದೆ.

ಮಕ್ಕಳನ್ನು ಬಲೆಗೆ ಹಾಕುವವರು ಸಾಮಾನ್ಯವಾಗಿ ಒಂದೇ ಏಟಿಗೆ ಅಪರಾಧ ಮಾಡುವುದಿಲ್ಲ. ಮೊದಲು ಮನೆಯವರ ವಿಶ್ವಾಸ ಗಳಿಸುತ್ತಾರೆ. ಆಮೇಲೆ ಪುಕ್ಕಟೆ ಹೆಚ್ಚುವರಿ ಅಭ್ಯಾಸ, ಒಂದು ದುಬಾರಿ ಬ್ಯಾಟಿನ ಉಡುಗೊರೆ, ಮನೆಗೆ ಡ್ರಾಪ್, ರಾತ್ರಿ ಒಂದು ಮೆಸೇಜು, ‘ಇದು ನಮ್ಮಿಬ್ಬರಲ್ಲೇ ಇರಲಿ’ ಎಂಬ ಮಾತು. ಪ್ರತಿ ಹೆಜ್ಜೆಯೂ ಒಳ್ಳೆಯ ಕೋಚ್ ಮಾಡುವ ಕೆಲಸದ ಹಾಗೆಯೇ ಕಾಣುತ್ತದೆ. ಹಾಗಾಗಿ ಮನಸ್ಸು ಓದಿ ಒಳ್ಳೆಯವರು, ಕೆಟ್ಟವರು ಎಂದು ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ. ಒಳ್ಳೆಯವರೆಲ್ಲ ಒಂಟಿ ಡ್ರಾಪ್ ನಿಲ್ಲಿಸಿದಾಗ, ನಿಲ್ಲಿಸದೆ ಉಳಿದವನು ಎದ್ದು ಕಾಣುತ್ತಾನೆ. ಒಳ್ಳೆಯ ಕೋಚ್‌ಗೆ ಇದರಿಂದ ಸ್ವಲ್ಪ ತೊಂದರೆ ಆಗುತ್ತದೆ, ನಿಜ. ಆ ತೊಂದರೆ ತೆಗೆದುಕೊಳ್ಳುವುದು ನ್ಯಾಯ ಎಂದೇ ನನಗನ್ನಿಸುತ್ತದೆ.

ಡಿಬಿಎಸ್ ಎಷ್ಟು ಹೇಳುತ್ತದೆ?

ಡಿಬಿಎಸ್ ಆಗಿದೆ ಎಂದರೆ ಸಾಕು ಎಂಬ ನಂಬಿಕೆ ಪೋಷಕರಲ್ಲಿ ಜಾಸ್ತಿ. ಈ ಪರಿಶೀಲನೆಯಲ್ಲಿ ಶಿಕ್ಷೆ, ಎಚ್ಚರಿಕೆ, ಪೊಲೀಸರ ಬಳಿ ಇರುವ ಸಂಬಂಧಪಟ್ಟ ಮಾಹಿತಿ ಬರುತ್ತವೆ. ಮಕ್ಕಳ ಕೆಲಸದಿಂದ ನಿಷೇಧಿತರಾದವರ ಪಟ್ಟಿಯನ್ನೂ ಕೆಲವು ಹುದ್ದೆಗಳಿಗೆ ನೋಡುತ್ತಾರೆ. ಸ್ವಯಂಸೇವಕರಿಗೆ ಡಿಬಿಎಸ್ ಶುಲ್ಕವಿಲ್ಲ. ಆದರೆ ಇದು ತೋರಿಸುವುದು ಪರಿಶೀಲನೆ ನಡೆದ ದಿನದವರೆಗೆ ಸಿಕ್ಕಿಬಿದ್ದವರನ್ನು ಮಾತ್ರ. ಯಾರೂ ದೂರು ಕೊಡದೆ ಇದ್ದವನ ಸರ್ಟಿಫಿಕೇಟ್ ಖಾಲಿಯಾಗಿಯೇ ಬರುತ್ತದೆ.

ಇನ್ನೂ ಎರಡು ಕಿಂಡಿಗಳಿವೆ. 2012ರ ಕಾನೂನಿನ ಪ್ರಕಾರ, ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಕೋಚಿಂಗ್ ಮಾಡುವ ಸಹಾಯಕರು ನಿಷೇಧಿತರ ಪಟ್ಟಿಯ ತಪಾಸಣೆಯ ವ್ಯಾಪ್ತಿಯಿಂದ ಹೊರಗುಳಿದರು. ಮಗುವಿಗೆ ಈ ವ್ಯತ್ಯಾಸ ಗೊತ್ತಿರುತ್ತದಾ? ಅದಕ್ಕೆ ಇಬ್ಬರೂ ಕೋಚ್‌ಗಳೇ. ಎರಡನೆಯದು, ಬೇರೆ ದೇಶದಿಂದ ಬಂದವರದ್ದು. ಡಿಬಿಎಸ್‌ನಲ್ಲಿ ಸಾಮಾನ್ಯವಾಗಿ ಹೊರದೇಶದ ದಾಖಲೆ ಇರುವುದಿಲ್ಲ. ಹೋದ ವರ್ಷ ಬೆಂಗಳೂರಿನಿಂದ ಹೋದವರ ಖಾಲಿ ಸರ್ಟಿಫಿಕೇಟ್ ಹೇಳುವುದು ಬಹಳ ಕಡಿಮೆ. ಅಂಥವರಿಂದ ಭಾರತದ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಅದನ್ನು ಅವಮಾನ ಎಂದುಕೊಳ್ಳಬೇಕಿಲ್ಲ.

ಇನ್ನೊಂದು ವಿಷಯ. ದಕ್ಷಿಣ ಏಷ್ಯಾದವರು ಇಂಗ್ಲೆಂಡ್‌ನ ಪಾರ್ಕುಗಳಲ್ಲಿ ತಮ್ಮದೇ ಲೀಗ್ ಕಟ್ಟಿಕೊಂಡು ಆಡುತ್ತಾರೆ. ಮಂಡಳಿಗೆ ಸೇರದ ತಂಡಕ್ಕೆ ಸೇಫ್ ಹ್ಯಾಂಡ್ಸ್ ಕಡ್ಡಾಯವಲ್ಲ, ಸುರಕ್ಷತಾ ಅಧಿಕಾರಿಯೂ ಇರಬೇಕೆಂದಿಲ್ಲ. ಪರಿಚಯದವರೇ ಎಂಬ ಧೈರ್ಯದಲ್ಲಿ ಮಕ್ಕಳೂ ಅಲ್ಲಿ ಆಡುತ್ತಾರೆ. ಕನ್ನಡ ಬಳಗಗಳು ಟೂರ್ನಿ ನಡೆಸುವಾಗ ಇದನ್ನು ಯೋಚಿಸಬೇಕು.

ಹದಿನಾರು, ಹದಿನೇಳರ ಮಕ್ಕಳು

ಬ್ರಿಟನ್ನಿನಲ್ಲಿ ಲೈಂಗಿಕ ಸಮ್ಮತಿಯ ವಯಸ್ಸು 16. ಆದರೆ ಶಿಕ್ಷಕರು ತಮ್ಮ 16, 17ರ ವಿದ್ಯಾರ್ಥಿಗಳ ಜೊತೆ ಸಂಬಂಧ ಬೆಳೆಸುವುದು 2003ರ ಕಾನೂನಿನಲ್ಲೇ ಅಪರಾಧ. ಕ್ರೀಡಾ ಕೋಚ್‌ಗಳು ಮಾತ್ರ ಈ ಕಾನೂನಿನ ಹೊರಗೆ ಉಳಿದಿದ್ದರು. ಹಾಗಾಗಿ ತಂಡದ ಆಯ್ಕೆ ಕೈಯಲ್ಲಿರುವ ಕೋಚ್ ಮೇಲೆ, ಮಗುವಿಗೆ 16 ತುಂಬಿದ ಮೇಲೆ, ಈ ಸೆಕ್ಷನ್ ಹಾಕಲು ಆಗುತ್ತಿರಲಿಲ್ಲ. 2022ರ ಜೂನ್‌ನಿಂದ ಕೋಚ್‌ಗಳನ್ನೂ ಧಾರ್ಮಿಕ ಗುರುಗಳನ್ನೂ ಇದರೊಳಗೆ ತಂದರು.

ಆದರೂ ಕ್ರಿಕೆಟ್‌ನಲ್ಲಿ ಅಂಚು ಮಸುಕಾಗಿಯೇ ಇದೆ. ನಿಯಮಿತವಾಗಿ ಕಲಿಸುವವರು, ಮೇಲ್ವಿಚಾರಣೆ ಮಾಡುವವರು ಎಂದು ಕಾನೂನು ಹೇಳುತ್ತದೆ. ಅದೇ ತಂಡದಲ್ಲಿ ಆಡುವ 30 ವರ್ಷದ ಸಹ ಆಟಗಾರ ಇದರಲ್ಲಿ ಬರುವುದಿಲ್ಲ. ವಾರಕ್ಕೊಮ್ಮೆ ನಾಯಕನಾಗುವವನು ಬರುತ್ತಾನಾ? ವಾದ ಮಾಡಬಹುದು. ಇಂಥ ಕಡೆ ಕ್ಲಬ್ಬಿನ ನಡವಳಿಕೆಯ ನಿಯಮವೇ ಕೆಲಸಕ್ಕೆ ಬರುವುದು.

ಹೇಳದಿದ್ದರೆ ಶಿಕ್ಷೆ ಬೇಕಾ?

ಈಗ ಮಸೂದೆಗೆ ಬರೋಣ. ಮಕ್ಕಳ ಲೈಂಗಿಕ ದೌರ್ಜನ್ಯದ ಬಗ್ಗೆ ವರ್ಷಗಟ್ಟಲೆ ನಡೆದ ಸ್ವತಂತ್ರ ವಿಚಾರಣೆಯ ಕೊನೆಯ ವರದಿ 2022ರ ಅಕ್ಟೋಬರ್‌ನಲ್ಲಿ ಬಂತು. ಮಗು ಹೇಳಿಕೊಂಡರೂ, ಕಣ್ಣಾರೆ ಕಂಡರೂ ತಿಳಿಸದಿರುವುದನ್ನು ಅಪರಾಧ ಮಾಡಬೇಕು ಎಂದು ಅದು ಶಿಫಾರಸು ಮಾಡಿತ್ತು. ಸಂಸತ್ತಿಗೆ ಬಂದಾಗ ಮಸೂದೆ ಅಷ್ಟು ದೂರ ಹೋಗಲಿಲ್ಲ. ತಿಳಿಸುವುದು ಕರ್ತವ್ಯ, ಆದರೆ ತಿಳಿಸದಿದ್ದರೆ ಜೈಲಿಲ್ಲ. ವೃತ್ತಿಯ ಮೇಲೆ ಕ್ರಮ, ಮಕ್ಕಳ ಕೆಲಸದಿಂದ ನಿಷೇಧ ಆಗಬಹುದು ಅಷ್ಟೆ. ತಿಳಿಸಲು ಹೊರಟವರನ್ನು ತಡೆದರೆ ಮಾತ್ರ ಏಳು ವರ್ಷದವರೆಗೆ ಜೈಲು.

ದೌರ್ಜನ್ಯಕ್ಕೆ ಒಳಗಾದವರ ಗುಂಪುಗಳಿಗೆ ಇದು ಸಾಲದು. ಕ್ಲಬ್ಬಿನ ಹೆಸರು, ಸ್ನೇಹ, ಟ್ರೋಫಿ ಎಲ್ಲವೂ ಬಾಯಿ ಮುಚ್ಚಿಸುವಾಗ ಶಿಕ್ಷೆಯ ಭಯವಾದರೂ ಇರಬೇಕು ಎಂಬುದು ಅವರ ವಾದ. ಇನ್ನೊಂದು ಕಡೆಯವರು ಕೇಳುವುದು ಬೇರೆ. ಜೈಲಿನ ಭಯ ಇಟ್ಟರೆ ಪುಕ್ಕಟೆ ಕೆಲಸ ಮಾಡುವವರು ಓಡಿಹೋಗುವುದಿಲ್ವಾ? ಸಣ್ಣ ಅನುಮಾನವನ್ನೆಲ್ಲ ಪೊಲೀಸರಿಗೆ ಕಳಿಸಿದರೆ ನಿಜವಾದ ದೂರು ಅದರಡಿ ಹೂತುಹೋಗುವುದಿಲ್ವಾ?

ಎರಡೂ ಭಯಕ್ಕೆ ಅರ್ಥವಿದೆ. ಆದರೆ ಎರಡನೆಯ ಭಯಕ್ಕೆ ಒಂದು ಉತ್ತರ ಕ್ಲಬ್ಬುಗಳಲ್ಲಿ ಆಗಲೇ ಇದೆ. ಸ್ವಯಂಸೇವಕರು ತನಿಖೆ ಮಾಡಬೇಕಾಗಿಲ್ಲ, ನಿಜ ಸುಳ್ಳು ತೀರ್ಮಾನಿಸಬೇಕಾಗಿಲ್ಲ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಬೇಕು. ‘ಅವನು ಹೀಗೆ ಮಾಡಿದನಾ’ ಎಂದು ಬಾಯಿಗೆ ಮಾತು ಹಾಕಬಾರದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ಅದೇ ದಿನ ಸುರಕ್ಷತಾ ಅಧಿಕಾರಿಗೆ ತಲುಪಿಸಬೇಕು. ಮಗುವಿಗೆ ತಕ್ಷಣದ ಅಪಾಯ ಇದ್ದರೆ ನೇರ ಪೊಲೀಸರಿಗೆ. ಸುಳ್ಳು ಆರೋಪದ ಭಯ ಇರುವ ಕೋಚ್‌ಗೂ ಇದೇ ದಾರಿ ಒಳ್ಳೆಯದು, ಏಕೆಂದರೆ ವಾಟ್ಸಾಪ್ ಗುಂಪಿನಲ್ಲಿ ವಿಚಾರಣೆ ನಡೆದುಹೋದರೆ ನಿರಪರಾಧಿಯ ಹೆಸರು ಮತ್ತೆ ಸರಿಯಾಗುವುದಿಲ್ಲ.

ದೊಡ್ಡವರಿಗೂ ರಕ್ಷಣೆ ಬೇಕಾದಾಗ

ಕಲಿಕೆಯ ತೊಂದರೆ ಇರುವ ಯುವಕ, ಮರೆವು ಶುರುವಾದ ಹಿರಿಯ ಸದಸ್ಯ, ಖಿನ್ನತೆಯಲ್ಲಿರುವ ಆಟಗಾರ ಕೂಡ ಕ್ಲಬ್ಬಿನಲ್ಲಿರುತ್ತಾರೆ. ಇವರನ್ನು ಮೋಸ ಮಾಡುವುದು ಸುಲಭ. ಹಣ ಕೀಳುವುದು, ಗೇಲಿ ಮಾಡುವುದು, ಕುಡಿಸುವುದು, ಎಲ್ಲಕ್ಕೂ ಇವರೇ ಗುರಿ. ಇಂಗ್ಲೆಂಡ್‌ನ 2014ರ ಕೇರ್ ಕಾನೂನು ಆರೈಕೆಯ ಅಗತ್ಯ ಇರುವ, ಆ ಕಾರಣಕ್ಕೆ ತಮ್ಮನ್ನು ತಾವು ಕಾಪಾಡಿಕೊಳ್ಳಲಾಗದ ವಯಸ್ಕರ ವಿಷಯದಲ್ಲಿ ವಿಚಾರಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ.

ಇಲ್ಲಿ ಮಕ್ಕಳ ನಿಯಮವನ್ನು ಹಾಗೇ ತಂದರೆ ತಪ್ಪಾಗುತ್ತದೆ. ಮಗುವಿನ ವಿಷಯದಲ್ಲಿ ಅದು ಬೇಡ ಎಂದರೂ ನಾವು ಹೇಳಲೇಬೇಕು. ವಯಸ್ಕರ ವಿಷಯದಲ್ಲಿ ಮೊದಲು ಅವರನ್ನೇ ಕೇಳಬೇಕು. ನಿರ್ಧರಿಸುವ ಶಕ್ತಿ ಅವರಿಗಿದ್ದು, ಬೇರೆಯವರಿಗೆ ಅಪಾಯ ಇಲ್ಲದಿದ್ದರೆ, ಅವರ ಮಾತಿಗೆ ಬೆಲೆ ಕೊಡಬೇಕು. ಪಾಪ ಅಂತ ಎಲ್ಲವನ್ನೂ ನಾವೇ ತೀರ್ಮಾನಿಸಿಬಿಟ್ಟರೆ ಅದೂ ಒಂದು ಅನ್ಯಾಯ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಭಾರತದ ಅಂಧರ ಕ್ರಿಕೆಟ್ ನಡೆಯುವುದೇ ಬೆಂಗಳೂರಿನ ಸಮರ್ಥನಂ ಸಂಸ್ಥೆಯ ಆಸರೆಯಲ್ಲಿ. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕರ್ನಾಟಕದ ಪರ ಆಡುವ ಟಿ.ಸಿ. ದೀಪಿಕಾ. ಆ ಗೆಲುವು ನೋಡಿ ಇನ್ನಷ್ಟು ಅಂಧ ಹುಡುಗಿಯರು ಮೈದಾನಕ್ಕೆ ಬರುತ್ತಾರೆ, ಬರಲಿ. ಪ್ರಯಾಣ, ತಂಗುವ ಕೋಣೆ, ಜೊತೆಗಾರರು ಎಲ್ಲದಕ್ಕೂ ಅವರು ಇನ್ನೊಬ್ಬರನ್ನು ನಂಬಬೇಕಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ದೌರ್ಜನ್ಯ, ಶೋಷಣೆಯ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಅವರ ತನಕ ಹೋಗುವ ಮೊದಲು ತಂಡದಲ್ಲಿ ಯಾರಿಗೆ ಹೇಳಬೇಕು ಎಂಬುದೂ ಆಟಗಾರ್ತಿಗೆ ಗೊತ್ತಿರಬೇಕಲ್ಲ.

ನಮ್ಮಲ್ಲಿ ಕಾನೂನು ಇದೆ, ಆದರೆ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಇದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಹಾಗಾಗಿ ಬ್ರಿಟನ್ನಿನ 16, 17ರ ಕಿಂಡಿ ಇಲ್ಲಿಲ್ಲ. 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲಾಗಬಹುದು. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದು ಪೋಷಕರು ಬೀದಿಗಿಳಿದಾಗ, ಮಾಹಿತಿ ಮುಚ್ಚಿಟ್ಟ ಆರೋಪದ ಮೇಲೆ ಶಾಲೆಯ ಮುಖ್ಯಸ್ಥರನ್ನೂ ಬಂಧಿಸಿದ್ದರು.

2020ರ ಪೋಕ್ಸೋ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಮಕ್ಕಳ ಒಡನಾಟ ಇರುವ ಸಂಸ್ಥೆಗಳು ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು, ತರಬೇತಿ ಕೊಡಿಸಬೇಕು. ಕ್ರೀಡಾ ಅಕಾಡೆಮಿ ಎಂಬ ಹೆಸರೇ ಆ ನಿಯಮದಲ್ಲಿದೆ. ಮಕ್ಕಳನ್ನು ಸೇರಿಸುವ ಪೋಷಕರಲ್ಲಿ ಎಷ್ಟು ಜನ ಇದನ್ನು ಕೇಳುತ್ತಾರೆ?

ಕೇಳದಿರುವುದಕ್ಕೂ ಕಾರಣವಿದೆ. 14, 16ರೊಳಗಿನ ತಂಡಗಳಲ್ಲಿ ಜಾಗ ಬೆರಳೆಣಿಕೆಯಷ್ಟು, ಕನಸು ಕಾಣುವ ಮನೆಗಳು ಸಾವಿರಾರು. ಕೋಚ್ ಬೇಸರಪಟ್ಟರೆ ಹುಡುಗನಿಗೆ ನೆಟ್ಸ್‌ನಲ್ಲಿ ಬ್ಯಾಟಿಂಗ್ ಸಿಗುವುದಿಲ್ಲ ಎಂಬ ಭಯ. ಗುರುವನ್ನು ಪ್ರಶ್ನಿಸಬಾರದು ಎಂಬ ಸಂಸ್ಕಾರ. ಇವೆಲ್ಲ ಸೇರಿ ಮಗುವಿನ ಮಾತು ಹೊರಬರುವ ದಾರಿಯನ್ನೇ ಮುಚ್ಚುತ್ತವೆ. ಕಾನೂನು ಎಷ್ಟೇ ಗಟ್ಟಿ ಇದ್ದರೂ ಅದು ಶುರುವಾಗುವುದು ಯಾರಾದರೂ ಬಾಯಿಬಿಟ್ಟ ಮೇಲೆ. ಇಂಗ್ಲೆಂಡ್‌ನ ಕ್ಲಬ್ಬಿನಲ್ಲಿ ಆ ಮೊದಲ ಮಾತು ಕೇಳಿಸಿಕೊಳ್ಳಲು ಒಬ್ಬ ಗೊತ್ತಾದ ವ್ಯಕ್ತಿ ಇದ್ದಾರೆ. ನಮ್ಮ ಮಗುವಿಗೆ 1098 ಸಹಾಯವಾಣಿ ಇದೆ, ಪೊಲೀಸ್ ಠಾಣೆ ಇದೆ. ಅಂಥ ಒಬ್ಬರು ಮೈದಾನದಲ್ಲಿ ಸಿಗುವುದು ಕಷ್ಟ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರ ಮತ್ತು ಅಪ್ರಾಪ್ತ ಆಟಗಾರರ ಸುರಕ್ಷತೆಯನ್ನು ಕ್ರೀಡಾ ಆಡಳಿತದ ಭಾಗವಾಗಿ ಕಾಣುತ್ತದೆ. ಇದರಿಂದ ರಾಷ್ಟ್ರೀಯ ಒಕ್ಕೂಟಗಳಲ್ಲಿ ನೀತಿ, ದೂರು ವ್ಯವಸ್ಥೆ ಬರಬಹುದು. ಆದರೆ ಏಪ್ರಿಲ್, ಮೇನಲ್ಲಿ ಶಾಲೆಯ ಮೈದಾನ ಬಾಡಿಗೆಗೆ ಹಿಡಿದು ಆರು ವಾರ ನಡೆಯುವ ಬೇಸಿಗೆ ಕ್ಯಾಂಪ್ ಯಾವ ಒಕ್ಕೂಟಕ್ಕೂ ಸೇರಿರಬೇಕೆಂದಿಲ್ಲ. ಅದನ್ನು ಮುಟ್ಟುವುದು ಮುಖ್ಯವಾಗಿ ಪೋಕ್ಸೋ ನಿಯಮ. ಮೈದಾನ ಬಾಡಿಗೆಗೆ ಕೊಡುವ ಶಾಲೆ, ಕೋಚ್‌ಗಳ ಪೊಲೀಸ್ ಪರಿಶೀಲನೆಯ ಪತ್ರ ತೋರಿಸಿ ಎಂದು ಮೊದಲೇ ಷರತ್ತು ಹಾಕಬಹುದು. ಶುಲ್ಕ ಕಟ್ಟುವ ಪೋಷಕರು ಅದೇ ಪತ್ರ ಕೇಳಬಹುದು, ತೊಂದರೆಯಾದರೆ ಮಗು ಯಾರ ಬಳಿ ಹೋಗಬೇಕು ಎಂದು ಒಂದು ಹೆಸರು ಬರೆಸಿಕೊಳ್ಳಬಹುದು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಮುಂದಿನ ಬೇಸಿಗೆಯ ಕ್ಯಾಂಪಿಗೆ ಹೆಸರು ಕೊಡುವಾಗಲೇ ಇದನ್ನು ಕೇಳಬಹುದು.